ತಳ ತಿರುವಿ ನೋಡಿ: ಹಳೆಯ ಗಾಜು, ಪಿಂಗಾಣಿ ಕುರಿತು ಓದುಗರ ಪ್ರಶ್ನೆಗಳು

ಯುರೋಪಿನ ಹಳೆಯ ಅಲಂಕಾರಿಕ ಗಾಜು, ಪಿಂಗಾಣಿ ಕೂಡಿಡುವವರು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಷ್ಟೊಂದು ಮಂದಿ ಇದ್ದಾರೆಂದು ಈ ಸಲ ಬಂದ ಪತ್ರಗಳಿಂದ ಗೊತ್ತಾಯಿತು. ಫೋಟೊ ಕಳಿಸಿ ಬೆಲೆ ಕೇಳಿದವರಿಗೆಲ್ಲ ಒಂದೇ ಉತ್ತರ: ಫೋಟೊ ನೋಡಿ ಬೆಲೆ ಕಟ್ಟುವುದಿಲ್ಲ. ಉಳಿದ ಪ್ರಶ್ನೆಗಳು ಇಲ್ಲಿವೆ.

ಹಳೇ ಬಾಗಲಕೋಟೆಯ ಮನೆ ಮುಳುಗಡೆಗೆ ಹೋದಾಗ ತಂದಿಟ್ಟ ಟ್ರಂಕಿನಲ್ಲಿ ಹಳೆಯ ತಾಟುಗಳಿವೆ. ಕೆಲವುಗಳ ಹಿಂದೆ ಸಿಂಹದ ಮೈ, ಮನುಷ್ಯನ ಮುಖದ ಪ್ರಾಣಿ ಮತ್ತು ‘ಮಾಸ್ಟ್ರಿಕ್ಟ್’ ಎಂಬ ಹೆಸರಿದೆ. ಒಂದರ ಹಿಂದೆ ‘ವಿಲೆರಾಯ್ ಆಂಡ್ ಬಾಖ್ 1748’ ಎಂದಿದೆ. ಅದು ನಿಜಕ್ಕೂ 1748ರದ್ದೇ?
— ನವನಗರ, ಬಾಗಲಕೋಟೆ

ಅಲ್ಲ. 1748 ಆ ಕಂಪನಿ ಹುಟ್ಟಿದ ವರ್ಷ. ಇವತ್ತಿಗೂ ಆ ಸಂಖ್ಯೆಯನ್ನು ಹೆಸರಿನ ಜೊತೆ ಹಾಕಿಕೊಳ್ಳುತ್ತಾರೆ. ಯುರೋಪಿನ ಮುದ್ರೆಗಳಲ್ಲಿ ಕಾಣುವ ಇಸವಿ ಬಹುಪಾಲು ಕಾರ್ಖಾನೆಯ ಜನ್ಮವರ್ಷವೇ ಆಗಿರುತ್ತದೆ, ತಾಟಿನ ಜನ್ಮವರ್ಷ ಅಲ್ಲ. ಹೊಸಬರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಮಾಸ್ಟ್ರಿಕ್ಟ್ ಇರುವುದು ಹಾಲೆಂಡಿನಲ್ಲಿ. ಅಲ್ಲಿ ಪೆಟ್ರಸ್ ರೆಗೌಟ್ 1836ರಲ್ಲಿ ಪಿಂಗಾಣಿ ಕಾರ್ಖಾನೆ ಶುರು ಮಾಡಿದ. ನೀವು ಹೇಳುವ ಪ್ರಾಣಿ ಸ್ಫಿಂಕ್ಸ್. 1899ರಲ್ಲಿ ಕಂಪನಿಯೇ ‘ಡಿ ಸ್ಫಿಂಕ್ಸ್’ ಎಂದು ಹೆಸರು ಬದಲಿಸಿಕೊಂಡಿತು. ಈ ತಾಟುಗಳು ಏಷ್ಯಾದ ಬಂದರುಗಳಿಗೆಲ್ಲ ರಾಶಿರಾಶಿಯಾಗಿ ಬಂದವು. ಆಗ ನಮ್ಮ ಜಿಲ್ಲೆಗಳು ಮುಂಬೈ ಇಲಾಖೆಗೆ ಸೇರಿದ್ದರಿಂದ ಅಲ್ಲಿಗೆ ಇಳಿದ ಸರಕು ಇಲ್ಲಿಗೂ ಮುಟ್ಟುತ್ತಿತ್ತು. ಸ್ಪಂಜಿನಿಂದ ಒತ್ತಿದ ಕೆಂಪು, ನೀಲಿ, ಹಸಿರು ಹೂಗಳಿದ್ದು, ಬಣ್ಣ ಅಂಚು ಮೀರಿದ್ದರೆ ಅದು ದೋಷವಲ್ಲ. ಮಾಡುವ ರೀತಿಯೇ ಹಾಗೆ.

ಕಾಲ ನಿರ್ಧರಿಸಲು ಮುದ್ರೆಯಲ್ಲಿ ಮೊದಲು ದೇಶದ ಹೆಸರು ಹುಡುಕಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾಯ್ದೆ ಮಾಡಿತು. 1891ರಿಂದ ಅದು ಜಾರಿಗೆ ಬಂತು. ಹಾಗಾಗಿ ಬರೀ ‘ಇಂಗ್ಲೆಂಡ್’, ‘ಆಸ್ಟ್ರಿಯಾ’, ‘ಜರ್ಮನಿ’ ಎಂದಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ‘ಮೇಡ್ ಇನ್’ ಎಂಬುದೂ ಸೇರಿದ್ದರೆ ಬಹುಮಟ್ಟಿಗೆ 20ನೇ ಶತಮಾನದ್ದು. ‘ಜೆಕೊಸ್ಲೊವಾಕಿಯಾ’ ಎಂದಿದ್ದರೆ 1918 ಮತ್ತು 1992ರ ನಡುವಿನದು, ಏಕೆಂದರೆ ಆ ಹೆಸರಿನ ದೇಶ ಇದ್ದದ್ದೇ ಅಷ್ಟು ಕಾಲ. ‘ವೆಸ್ಟ್ ಜರ್ಮನಿ’ 1949ರ ನಂತರದ್ದು. ಇಂಗ್ಲೆಂಡಿನ ಸಾಮಾನಿನಲ್ಲಿ ವಜ್ರಾಕೃತಿಯ ಚಿಕ್ಕ ಮುದ್ರೆ ಇದ್ದರೆ ಅದರ ವಿನ್ಯಾಸ 1842–1883ರಲ್ಲಿ ನೋಂದಣಿಯಾದದ್ದು. ‘ಆರ್‌ಡಿ ನಂ’ (ನೋಂದಣಿ ಸಂಖ್ಯೆ) ಎಂದು ಸಂಖ್ಯೆ ಇದ್ದರೆ 1884ರ ನಂತರ. 1900ರ ಆರಂಭಕ್ಕೆ ಆ ಎಣಿಕೆ ಸುಮಾರು 3,51,000 ಮುಟ್ಟಿತ್ತು. ಇದೂ ವಿನ್ಯಾಸ ದಾಖಲಾದ ಕಾಲವೇ. ಅದೇ ವಿನ್ಯಾಸವನ್ನು ಮುಂದೆ ಹತ್ತಾರು ವರ್ಷ ತಯಾರಿಸಿರಬಹುದು.

ಮುದ್ರೆ ಸುಲಭವಾಗಿ ನಕಲಾಗುತ್ತದೆ. ಜರ್ಮನಿಯ ಮೈಸೆನ್ ಕಾರ್ಖಾನೆಯ ಎರಡು ಕತ್ತಿಗಳ ಗುರುತನ್ನು ಕದ್ದವರಿಗೆ ಲೆಕ್ಕವಿಲ್ಲ. ‘ವೆಜ್‌ವುಡ್’ ಹೆಸರಿನ ನಡುವೆ ಒಂದು ‘ಇ’ ಹೆಚ್ಚಿಗೆ ಇದ್ದರೆ ಅದು ಜೋಸಿಯಾ ವೆಜ್‌ವುಡ್ 1759ರಲ್ಲಿ ಕಟ್ಟಿದ ಕಂಪನಿಯದಲ್ಲ. ಆದ್ದರಿಂದ ತಳವನ್ನೂ ನೋಡಿ. ನೆಲದ ಮೇಲೆ ಕೂರುವ ಉಂಗುರದಂಥ ಅಂಚಿನಲ್ಲಿ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಹರಿದಿದ್ದರೆ ಅದು ಬಳಕೆಯ ಸವಕಳಿ. ಎಲ್ಲ ಗೀರುಗಳೂ ಒಂದೇ ದಿಕ್ಕಿಗಿದ್ದರೆ ಉಜ್ಜುಕಾಗದದ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಬೂತಗನ್ನಡಿಯಲ್ಲಿ ಚಿತ್ರ ನೋಡಿ: ಸಾಲಾಗಿ ಜೋಡಿಸಿದ ಒಂದೇ ಅಳತೆಯ ಚುಕ್ಕಿಗಳು ಕಂಡರೆ ಈಚಿನ ಅಚ್ಚು. ಕುಂಚದ ಗೆರೆ ತೆಳುವಾಗಿ ಶುರುವಾಗಿ ದಪ್ಪಗಾಗಿ ನಿಂತಿದ್ದರೆ ಕೈಕೆಲಸ.

ಇನ್ನೊಂದು ಮಾತು. ಇಂಥ ತಾಟುಗಳ ಹೊಳಪಿನ ಲೇಪದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಗೋಡೆಗೆ ತೂಗು ಹಾಕಿ. ಉಪ್ಪಿನಕಾಯಿ, ಮೊಸರು, ಹುಳಿ ಬಡಿಸಬೇಡಿ.

ನಮ್ಮ ವಾಡೇದ ಪಡಸಾಲ್ಯಾಗ ಎರಡು ಹಂಡಿ (ಗಾಜಿನ ತೂಗುದೀಪ), ಒಂದು ಝುಂಬರ (ಲೋಲಕಗಳ ದೊಡ್ಡ ತೂಗುದೀಪ) ಅದಾವ. ಬೆಲ್ಜಿಯಂ ಗಾಜಿನವು ಅಂತ ನಮ್ಮ ಆಯಿ ಹೇಳ್ತಿದ್ರು. ಮೊನ್ನೆ ಒಬ್ಬ ವ್ಯಾಪಾರಿ ಬಂದು, ಇವು ಈಚಿನವು, ನೂರು ವರ್ಷದ್ದಲ್ಲ, ಕೊಟ್ಟಬಿಡ್ರಿ ಅಂದ. ಯಾರ ಮಾತು ಖರೆ ರೀ?
— ಶಹಾಪುರ, ಬೆಳಗಾವಿ

ಕೊಳ್ಳಲು ಬಂದಾಗ ‘ಹೊಸದು’, ಮಾರಲು ಬಂದಾಗ ‘ಬೆಲ್ಜಿಯಂ’: ವ್ಯಾಪಾರಿಯ ಮಾತು ಹಾಗೇ ಇರುತ್ತದೆ. ಆಯಿಯ ಮಾತನ್ನೂ ಅಕ್ಷರಶಃ ಹಿಡಿಯಬೇಕಿಲ್ಲ. ನಮ್ಮ ಕಡೆ ಒಳ್ಳೆಯ ವಿಲಾಯತಿ ಗಾಜಿಗೆಲ್ಲ ಬೆಲ್ಜಿಯಂ ಎನ್ನುವುದು ರೂಢಿ. ಬೆಲ್ಜಿಯಂನಲ್ಲಿ 1826ರಿಂದ ವಾಲ್ ಸಾನ್ ಲಾಂಬೇರ್ ಕಾರ್ಖಾನೆ ಇತ್ತು, ನಿಜ. ಆದರೆ ನಮ್ಮ ದೇಶದ ಅರಮನೆ, ವಾಡೆಗಳಿಗೆ ಬಂದ ದೀಪಗಳಲ್ಲಿ ಬೊಹೆಮಿಯಾದ್ದು, ಅಂದರೆ ಈಗಿನ ಜೆಕ್ ದೇಶದ್ದು, ಬಹಳ. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ 1807ರಲ್ಲಿ ಹುಟ್ಟಿ, ಭಾರತದ ಗಿರಾಕಿಗಳಿಗೆಂದೇ ಕೋಲ್ಕತ್ತದಲ್ಲಿ ಮಳಿಗೆ ತೆರೆದಿತ್ತು. ಸ್ವದೇಶಿ ಗಾಜನ್ನೂ ಮರೆಯಬಾರದು: ತಳೇಗಾಂವದ ಪೈಸಾ ಫಂಡ್ ಕಾರ್ಖಾನೆ 1908ರದ್ದು, ಕರಾಡದ ಹತ್ತಿರದ ಓಗಲೆವಾಡಿಯದು 1916ರದ್ದು. ದೀಪದ ಚಿಮಣಿ, ಗ್ಲೋಬುಗಳಲ್ಲಿ ಈ ಊರುಗಳವು ಸೇರಿಕೊಂಡಿರಬಹುದು. ಇವತ್ತು ಹಳೆಯದೆಂದು ಮಾರುವ ಬಣ್ಣದ ಹಂಡಿಗಳಲ್ಲಿ ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಈಚೆಗೆ ಮಾಡಿದವು ಸಾಕಷ್ಟು.

ಪರೀಕ್ಷೆಗೆ ಮೇನ್ ಸ್ವಿಚ್ ಆರಿಸಿ, ಇಬ್ಬರು ಸೇರಿ ಹಂಡಿ ಇಳಿಸಿ. ಒಬ್ಬರು ಗಾಜನ್ನು ತಳದಿಂದ ಹಿಡಿದ ಮೇಲೆಯೇ ಇನ್ನೊಬ್ಬರು ಸರಪಳಿ ಬಿಚ್ಚಬೇಕು.

ಕೆಂಪು ಹಂಡಿಯಾದರೆ ಬಣ್ಣ ಎಲ್ಲಿದೆ ಎಂದು ನೋಡುವುದು ಮೊದಲ ಕೆಲಸ. ಬೊಹೆಮಿಯಾದ ಫ್ರೀಡ್ರಿಕ್ ಎಗರ್‌ಮಾನ್ 1832ರ ಸುಮಾರಿಗೆ ಬಣ್ಣವಿಲ್ಲದ ಬಿಳಿ ಗಾಜಿನ ಮೇಲೆ ತಾಮ್ರದ ಲೇಪ ಕೊಟ್ಟು ಸುಟ್ಟು ಕೆಂಪು ಬರಿಸುವ ವಿಧಾನ ಕಂಡುಹಿಡಿದ. ಇದರಲ್ಲಿ ಬಣ್ಣ ತೊಗಲಿನಷ್ಟೇ ತೆಳು. ಕೆತ್ತಿದ ಕಡೆ ತಕ್ಷಣ ಬಿಳಿ ಗಾಜು ಕಾಣುತ್ತದೆ. ಎರಡು ಪದರದ ಗಾಜಾದರೆ ಬಾಯಂಚಿನಲ್ಲಿ ಕೆಂಪು ಒಂದು ಪದರ, ಬಿಳಿ ಒಂದು ಪದರ ಬೇರೆಬೇರೆಯಾಗಿ ತೋರುತ್ತವೆ. ಹೊಸ ಅಗ್ಗದ ಮಾಲಿನಲ್ಲಿ ಬಣ್ಣ ಸಿಂಪಡಿಸಿರುತ್ತಾರೆ. ಲೋಹದ ಪಟ್ಟಿಯ ಒಳಗೆ ಮರೆಯಾದ ಜಾಗದಲ್ಲಿ ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ಹಚ್ಚಿದ ಹತ್ತಿ ಒತ್ತಿದರೆ ಅದು ಬಿಡುತ್ತದೆ. ಚಿನ್ನದ ಗೆರೆ, ಹೂವಿನ ಚಿತ್ರಗಳ ಮೇಲೆ ಮಾತ್ರ ಈ ಪರೀಕ್ಷೆ ಬೇಡ. ಸುಡದೆ ಹಚ್ಚಿದ ಅಸಲಿ ಹಳೆಯ ಬಣ್ಣವೂ ಅಸಿಟೋನಿಗೆ ಎದ್ದುಬರುತ್ತದೆ.

ಝುಂಬರದ ಲೋಲಕಗಳಲ್ಲಿ ಕೈಯಿಂದ ಸಾಣೆ ಹಿಡಿದವುಗಳ ಏಣು ಬೆರಳಿಗೆ ಚೂಪಾಗಿ ಹತ್ತುತ್ತದೆ, ಅಚ್ಚಿನವುಗಳ ಏಣು ದುಂಡಗೆ ಜಾರುತ್ತದೆ. ಪೋಣಿಸಿದ ತಂತಿ ಹಿತ್ತಾಳೆಯದಾಗಿ ಕೈಯಿಂದ ಬಗ್ಗಿಸಿದಂತಿದ್ದರೆ ಒಳ್ಳೆಯ ಲಕ್ಷಣ. ಹೊಳೆಯುವ ಸ್ಟೀಲ್ ಉಂಗುರ ಕಂಡರೆ ಲೋಲಕ ಹೊಸದಾಗಿರಬಹುದು, ಇಲ್ಲವೇ ಹಳೆಯದನ್ನೇ ಮರುಪೋಣಿಸಿರಬಹುದು. ಬರೀ ಅದನ್ನು ನೋಡಿ ತೀರ್ಮಾನಿಸಬೇಡಿ.

ಮತ್ತೆ ತೂಗುಹಾಕುವಾಗ ಭಾರ ಸರಪಳಿಯ ಮೇಲೆ ಬೀಳಬೇಕು, ವೈರಿನ ಮೇಲಲ್ಲ. ತೊಲೆಯ ಕೊಂಡಿಗೆ ಜಂಗು ಹಿಡಿದಿದ್ದರೆ ಬದಲಿಸಿ. ಹಳೆ ಬಲ್ಬಿನ ಕಾವಿಗೆ ಹಂಡಿಯ ಕತ್ತು ಸೀಳುತ್ತದೆ. 3 ವ್ಯಾಟಿನ ಎಲ್‌ಇಡಿ ಸಾಕು.

ಕಡೆದ ಗಾಜಿನ ಮುಚ್ಚಳದ ಹೂಜಿಯ ಒಳಗೆ ಬೆಳ್ಳಗೆ ಮಬ್ಬು ಕೂತಿದೆ. ಬೋರಿನ ನೀರಿನಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಹಾಕಬಹುದೇ?
— ವಿಜಯಪುರ

ಬೇಡವೇ ಬೇಡ. ಆ ಆಸಿಡ್ ಚಿನ್ನದ ಗೆರೆಯನ್ನೂ ಕಾಮನಬಿಲ್ಲಿನ ಬಣ್ಣದ ಲೇಪವನ್ನೂ ತಿಂದುಬಿಡುತ್ತದೆ. ಇನ್ನು ನಿಮ್ಮೂರಿನ ಬೋರಿನ ನೀರಿನಿಂದ ತೊಳೆದಷ್ಟೂ ಮಬ್ಬು ಹೆಚ್ಚುತ್ತದೆ, ಏಕೆಂದರೆ ಆರಿದ ಪ್ರತಿ ಹನಿಯೂ ಸುಣ್ಣ ಉಳಿಸಿ ಹೋಗುತ್ತದೆ.

ಮಬ್ಬಿನಲ್ಲಿ ಎರಡು ಬಗೆ. ಮೇಲೆ ಕೂತ ಸುಣ್ಣದ್ದು ಹೋಗುತ್ತದೆ. ವರ್ಷಗಟ್ಟಲೆ ನೀರು ನಿಂತು ಗಾಜಿನ ಮೇಲ್ಮೈಯೇ ಸವೆದದ್ದು ಹೋಗುವುದಿಲ್ಲ. ಒದ್ದೆ ಮಾಡಿದಾಗ ಎರಡೂ ಮಾಯವಾದಂತೆ ಕಾಣುವುದರಿಂದ ಅಂಗಡಿಯಲ್ಲಿ ಒದ್ದೆ ಹೂಜಿಯನ್ನು ಎಂದೂ ಕೊಳ್ಳಬಾರದು. ಒಳಗೆ ಎಣ್ಣೆ ಸವರಿ ಮಬ್ಬು ಮುಚ್ಚುವವರೂ ಇದ್ದಾರೆ. ಬೆರಳು ಆಡಿಸಿ ಮೂಸಿ ನೋಡಿ.

ಮಾಡುವ ಕ್ರಮ ಹೀಗೆ. ಉಂಗುರ, ಬಳೆ ತೆಗೆದಿಡಿ. ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ದಪ್ಪ ಟವೆಲ್ ಹಾಸಿ. ಸಿಂಕಿನಲ್ಲಿ ತೊಳೆಯಬೇಡಿ, ನಲ್ಲಿಗೆ ಬಡಿದು ಒಡೆದ ಗಾಜಿಗೆ ಲೆಕ್ಕವಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ, ಸಿಟ್ರಿಕ್ ಆಸಿಡ್ ಕರಗಿಸಿ. ಕಿರಾಣಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವುದು ಇದನ್ನೇ. ಹೂಜಿಯಲ್ಲಿ ತುಂಬಿ ಅರ್ಧ ಗಂಟೆ ಬಿಟ್ಟು ಚೆಲ್ಲಿ, ಅಗತ್ಯವಿದ್ದರೆ ಹೊಸದಾಗಿ ಮತ್ತೆ ತುಂಬಿ. ರಾತ್ರಿಯಿಡೀ ಬಿಡಬೇಡಿ: ಕಡೆದ ಭಾರದ ಗಾಜಿನಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಳೆಯುತ್ತದೆ. ಕೈ ಹೋಗದ ಮೂಲೆಗೆ ಒಂದು ಹಿಡಿ ಹಸಿ ಅಕ್ಕಿ ಹಾಕಿ ಮೆಲ್ಲಗೆ ಸುತ್ತಿಸಿ. ಮರಳು, ಮೊಳೆ ಬೇಡ. ಕೊನೆಯ ತೊಳೆತ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ಆಗಬೇಕು. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕಲು ಮಾರುವ ನೀರು ಅದೇ, ಆದರೆ ಸೀಲ್ ಒಡೆಯದ ಕ್ಯಾನ್ ತನ್ನಿ. ಬೋರಲು ಹಾಕಿ ಒಣಗಿಸಿ. ಎರಡು ಸಲದ ನಂತರವೂ ಮಬ್ಬು ಉಳಿದರೆ ಗಾಜೇ ಸವೆದಿದೆ ಎಂದು ತಿಳಿಯಿರಿ. ಅದನ್ನು ಹೊಳಪು ಹಿಡಿಸಲು ಗಾಜನ್ನೇ ಸವೆಸಬೇಕು. ಖರ್ಚಿಗೆ ತಕ್ಕ ಹೂಜಿಗಳು ಕಡಿಮೆ.

ಮುಚ್ಚಳ ಕಚ್ಚಿಕೊಂಡಿದ್ದರೆ ತಿರುಚಬೇಡಿ. ಕತ್ತಿನ ಸುತ್ತ ನಾಲ್ಕು ಹನಿ ಗ್ಲಿಸರಿನ್ ಬಿಟ್ಟು ಒಂದು ದಿನ ಇಡಿ, ಆಮೇಲೆ ಮರದ ಚಮಚದ ಹಿಡಿಯಿಂದ ಎರಡು ಬದಿಗೂ ಹಗುರಾಗಿ ತಟ್ಟಿ. ಮುಚ್ಚಳದ ಬುಡದಲ್ಲೂ ಕತ್ತಿನಲ್ಲೂ ಒಂದೇ ಸಂಖ್ಯೆ ಗೀರಿದ್ದರೆ ಎರಡೂ ಹುಟ್ಟುಜೋಡಿ. ಸೀಸದ ಕಾರಣಕ್ಕೆ ಹೂಜಿಯಲ್ಲಿ ಶರಬತ್ತು ತುಂಬಿಡಬೇಡಿ.

ಗೋವಾದಲ್ಲಿ ಒಂದು ಹೂದಾನಿ ಕೊಂಡೆ. ಹಳದಿ ಗಾಜಿನ ಮೇಲೆ ಕಂದು ಬಳ್ಳಿ ಉಬ್ಬಿದೆ, ‘ಗ್ಯಾಲೆ’ ಎಂದು ಸಹಿ ಇದೆ. ಅಸಲಿಯೇ?
— ಟಿಳಕವಾಡಿ, ಬೆಳಗಾವಿ

ಸಹಿಯ ಅಕ್ಕಪಕ್ಕದ ಗಾಜನ್ನು ಓರೆ ಬೆಳಕಿನಲ್ಲಿ ನೋಡಿ. ಎಮಿಲ್ ಗ್ಯಾಲೆ (1846–1904) ಫ್ರಾನ್ಸಿನ ನ್ಯಾನ್ಸಿ ಊರಿನವರು. ಬಣ್ಣಬಣ್ಣದ ಪದರ ಹಾಕಿ, ಬೇಕಾದ ಕಡೆ ಮುಚ್ಚಿ, ಉಳಿದದ್ದನ್ನು ಆಸಿಡ್ಡಿನಿಂದ ಕೊರೆಯುವ ಕೆಲಸಕ್ಕೆ ಹೆಸರಾದವರು. ರೊಮೇನಿಯಾದಲ್ಲಿ ಅದೇ ಶೈಲಿಯಲ್ಲಿ ಮಾಡಿ ಸಹಿಯ ಜೊತೆ ‘ಟಿಪ್’ ಎಂದು ಬರೆಯುತ್ತಾರೆ, ‘ಆ ಮಾದರಿಯದು’ ಎಂಬ ಅರ್ಥದಲ್ಲಿ. ಅದು ಮೋಸವಲ್ಲ. ಆ ಮೂರಕ್ಷರ ಉಜ್ಜಿ ಅಳಿಸಿ ಮಾರುವುದು ಮೋಸ. ಉಜ್ಜಿದ ಕಡೆ ಒಂದು ನುಣುಪು ತಗ್ಗು ಉಳಿಯುತ್ತದೆ, ಸುತ್ತಲಿನ ಒರಟುತನ ಅಲ್ಲಿ ಇರುವುದಿಲ್ಲ.

ತಗ್ಗು ಇಲ್ಲದಿದ್ದರೂ ಗೆದ್ದಂತಲ್ಲ. ಅಸಲಿಯಲ್ಲಿ ಬಳ್ಳಿಯ ಎಲೆಗೆ ದಪ್ಪ–ತೆಳು ಇರುತ್ತದೆ, ಅಂಚಿನ ಕಡೆಗೆ ಬಣ್ಣ ಕರಗುತ್ತ ಹೋಗುತ್ತದೆ. ನಕಲಿನಲ್ಲಿ ಎಲೆಯೆಲ್ಲ ಒಂದೇ ದಪ್ಪ, ಅಂಚು ಕತ್ತರಿಸಿ ಅಂಟಿಸಿದಂತೆ. ಹೆಸರಿನ ಮುಂದೆ ನಕ್ಷತ್ರ ಇದ್ದರೆ ಗ್ಯಾಲೆ ತೀರಿಕೊಂಡ ಮೇಲೆ ಕಾರ್ಖಾನೆ ಕೆಲಕಾಲ ಹಾಕಿದ ಗುರುತು. ಫ್ರಾನ್ಸಿನವರೇ ಆದ ಲಾಲಿಕ್ ಗಾಜಿಗೂ ಇಂಥ ಒಂದು ಸುಳಿವುಂಟು: ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡರು, ಅದಕ್ಕೆ ಮುಂಚಿನ ಮಾಲಿನಲ್ಲಿ ‘ಆರ್. ಲಾಲಿಕ್’ ಎಂದಿರುತ್ತದೆ, ಆಮೇಲಿನದರಲ್ಲಿ ‘ಆರ್’ ಇರುವುದಿಲ್ಲ. ಬೇಡಿಕೆ ಹೆಚ್ಚಿರುವುದರಿಂದ ಆ ‘ಆರ್’ ಅನ್ನು ಈಗ ಕೆತ್ತಿ ಸೇರಿಸುವವರೂ ಇದ್ದಾರೆ.

ಅತ್ತೆಯವರ ಕಾಲದ ಇಂಗ್ಲಿಷ್ ಕಪ್ಪು–ಬಸಿಗಳಲ್ಲಿ ಕೂದಲೆಳೆಯಂಥ ಸೀಳುಗಳೊಳಗೆ ಚಹಾದ ಕಂದು ಇಳಿದಿದೆ. ಬ್ಲೀಚಿಂಗ್ ಪೌಡರ್ ಹಾಕಲೇ?
— ಅಥಣಿ

ಬ್ಲೀಚಿಂಗ್ ಪೌಡರ್ ಮೊದಲ ದಿನ ಬೆಳ್ಳಗೆ ಮಾಡುತ್ತದೆ. ಆಮೇಲೆ ಅದರ ಉಪ್ಪು ಮಣ್ಣಿನ ಒಳಗೆ ಹರಳುಗಟ್ಟಿ ಮೇಲಿನ ಹೊಳಪನ್ನು ಸಿಪ್ಪೆಯ ಹಾಗೆ ಎಬ್ಬಿಸುತ್ತದೆ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ, 6 ಪ್ರತಿಶತದ್ದು. ಕಪ್ಪನ್ನು ಮೊದಲು ಒಂದು ದಿನ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ. ಒಣಗಿದ ಮಣ್ಣಿಗೆ ನೇರವಾಗಿ ಹಚ್ಚಿದರೆ ಕರೆಯನ್ನು ಇನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೈಗವಸು ಹಾಕಿ, ಹತ್ತಿಯನ್ನು ಪೆರಾಕ್ಸೈಡಿನಲ್ಲಿ ಅದ್ದಿ ಕರೆಯ ಮೇಲೆ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅನಿಲ ಉಕ್ಕುತ್ತದೆ. ದಿನಕ್ಕೊಮ್ಮೆ ಹತ್ತಿ ಬದಲಿಸಿ. ಮೂರು–ನಾಲ್ಕು ದಿನಕ್ಕೆ ಫಲ ಕಂಡರೆ ಮುಂದುವರಿಸಿ, ಇಲ್ಲವಾದರೆ ಬಿಡಿ. ಕೊನೆಗೆ ನೀರು ಬದಲಿಸುತ್ತ ಎರಡು ದಿನ ನೆನೆಸಿ, ನೆರಳಲ್ಲಿ ವಾರ ಒಣಗಿಸಿ.

ಚಿನ್ನದಂಚು ಇದ್ದರೆ ಅದನ್ನು ತಪ್ಪಿಸಿ. ಲೋಹದ ಟಾಕಿ ಹೊಡೆದ ಹಳೆಯ ರಿಪೇರಿ ಇದ್ದರೆ ಈ ಚಿಕಿತ್ಸೆ ಪೂರ್ತಿ ಬೇಡ, ಜಂಗು ಮಣ್ಣಿಗೆ ಹರಡುತ್ತದೆ. ಸೀಳುಗಳು ಉಳಿದೇ ಉಳಿಯುತ್ತವೆ. ಒಳಗಿನ ಮಣ್ಣು ಹಿಗ್ಗಿದಷ್ಟು ಮೇಲಿನ ಲೇಪ ಹಿಗ್ಗದೆ ಹರಿದ ಗುರುತು ಅವು.

ಹೂದಾನಿ ಬಿದ್ದು ಐದು ಚೂರಾಗಿದೆ. ಫೆವಿಕ್ವಿಕ್ ಸಾಕೇ?
— ಮುಧೋಳ

ಸಾಲದು. ಅದು ಹಿಡಿಯುವುದು ಕ್ಷಣದಲ್ಲಿ, ಆಮೇಲೆ ಸರಿಸಲು ಅವಕಾಶವೇ ಇಲ್ಲ. ಮೊದಲ ಚೂರು ಕೂದಲೆಳೆಯಷ್ಟು ಓರೆಯಾದರೂ ಐದನೆಯದು ಒಳಗೆ ಕೂರುವುದಿಲ್ಲ. ಪಿಂಗಾಣಿಗೆ ಪ್ಯಾರಾಲಾಯ್ಡ್ ಬಿ–72 ಎಂಬ ಅಂಟು ಒಳ್ಳೆಯದು, ತಪ್ಪಾದರೆ ಅಸಿಟೋನಿನಲ್ಲಿ ಕರಗಿಸಿ ಮತ್ತೆ ಶುರು ಮಾಡಬಹುದು. ಪಾರದರ್ಶಕ ಗಾಜಿಗೆ ನೀರಿನಂತೆ ತೆಳುವಾದ ಎಪಾಕ್ಸಿ, ಆರಾಲ್ಡೈಟ್ 2020 ಮಾದರಿಯದು, ಬೇಕು. ಅಂಗಡಿಯ ಎರಡು ಟ್ಯೂಬಿನ ಅಂಟು ವರ್ಷಗಳಲ್ಲಿ ಹಳದಿಯಾಗುತ್ತದೆ.

ಒಡೆದ ಅಂಚುಗಳನ್ನು ಅಸಿಟೋನಿನಿಂದ ಒರೆಸಿ, ಅಂಟಿಲ್ಲದೆ ಟೇಪಿನಿಂದ ಒಮ್ಮೆ ಪೂರ್ತಿ ಜೋಡಿಸಿ, ಯಾವ ಚೂರು ಯಾವುದರ ನಂತರ ಎಂದು ಪೆನ್ಸಿಲಿನಲ್ಲಿ ಟೇಪಿನ ಮೇಲೆ ಅಂಕಿ ಹಾಕಿಕೊಳ್ಳಿ. ಅಂಟಿಸುವಾಗ ತಳದಿಂದ ಮೇಲಕ್ಕೆ ಹೋಗಿ. ಅಂಟಿದ ಭಾಗವನ್ನು ಮರಳು ತುಂಬಿದ ಬೋಗುಣಿಯಲ್ಲಿ, ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ, ಚೂರು ತನ್ನ ಭಾರಕ್ಕೇ ಸರಿಯಾಗಿ ಕೂರುವಂತೆ ಓರೆ ನಿಲ್ಲಿಸಿ. ಚಿಕ್ಕ ಚಿಕ್ಕ ಚಕ್ಕೆಗಳನ್ನೂ ಎಸೆಯಬೇಡಿ. ಇನ್ನು ಇಂಥ ರಿಪೇರಿಯನ್ನು ಬಚ್ಚಿಟ್ಟು ಮಾರುವವರ ಹತ್ತಿರ ಹೋಗುವಾಗ ನೇರಳಾತೀತ ಟಾರ್ಚ್ ಜೇಬಿನಲ್ಲಿರಲಿ, ಅಂಟು ಮತ್ತು ಮೇಲೆ ಬಳಿದ ಬಣ್ಣ ಅದರಲ್ಲಿ ಹಾಲಿನಂತೆ ಬೇರೆಯಾಗಿ ಬೆಳಗುತ್ತವೆ.

ಅದೇ ಟಾರ್ಚಿನಲ್ಲಿ ನಮ್ಮ ಹಳದಿ–ಹಸಿರು ಬಟ್ಟಲು ಗಿಳಿಹಸಿರಾಗಿ ಉರಿಯಿತು. ಅಪಾಯವೇ?
— ಚಿಕ್ಕೋಡಿ

ಅದು ಯುರೇನಿಯಂ ಗಾಜು. ಬೊಹೆಮಿಯಾದಲ್ಲಿ ಯೋಸೆಫ್ ರೀಡೆಲ್ 1830ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದ. ಕಪಾಟಿನಲ್ಲಿಟ್ಟು ನೋಡಲು ಭಯವಿಲ್ಲ. ಅದರಲ್ಲಿ ಊಟ ಮಾಡಬೇಡಿ, ಕೊರೆಯಬೇಡಿ, ಉಜ್ಜಬೇಡಿ. ಪುಡಿ ಮೂಗಿಗೆ ಹೋಗಬಾರದು. ಮಂಕಾದ ಹಸಿರು ಮಾತ್ರ ಕಂಡರೆ ಅದು ಮ್ಯಾಂಗನೀಸ್.

ದೇವರ ಮಾಡದಲ್ಲಿ ಜರ್ಮನಿಯ ಪಿಂಗಾಣಿ ಲಕ್ಷ್ಮಿ ಇದೆ, ರವಿವರ್ಮನ ಪಟದಂತೆಯೇ. ದೀಪದ ಮಸಿ, ಕುಂಕುಮ ಹಿಡಿದಿದೆ.
— ಗೋಕಾಕ

ರವಿವರ್ಮನ ಮುಂಬೈ ಅಚ್ಚುಕೂಟ 1894ರಲ್ಲಿ ಶುರುವಾಯಿತು. ಆ ಪಟಗಳ ಜನಪ್ರಿಯತೆ ಕಂಡು ಜರ್ಮನ್ ಕಾರ್ಖಾನೆಗಳು ಇಂಥ ಮೂರ್ತಿಗಳನ್ನು ಮಾಡಿ ನಮ್ಮಲ್ಲಿಗೆ ಕಳಿಸಿದವು. ಮೈ ಹೊಳಪಿಲ್ಲದೆ ಸುಣ್ಣದಂತಿದ್ದರೆ ಅದು ಲೇಪವಿಲ್ಲದ ಪಿಂಗಾಣಿ, ಕೊಳೆ ಬೇಗ ಹೀರುತ್ತದೆ. ನೀರಿನಲ್ಲಿ ಮುಳುಗಿಸಬೇಡಿ. ತಳದಲ್ಲಿರುವ ಸಣ್ಣ ತೂತಿನಿಂದ ಒಳಗೆ ಸೇರಿದ ನೀರು ತಿಂಗಳಾದರೂ ಆರದು. ಮೃದು ಕುಂಚದಿಂದ ಮಸಿ ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿಯನ್ನು ಹಿಂಬದಿಯ ಮರೆಯಲ್ಲಿ ಮೊದಲು ಒತ್ತಿ ನೋಡಿ. ಹತ್ತಿಗೆ ಸೀರೆಯ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ವಸ್ತುಸಂಗ್ರಹಾಲಯದವರು ಹತ್ತಿಯನ್ನು ಎಂಜಲಿನಿಂದ ಒದ್ದೆ ಮಾಡುವುದುಂಟು, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲಕ್ಷ್ಮಿಗೆ ಅದನ್ನು ಸೂಚಿಸಲು ನಮಗೆ ಧೈರ್ಯವಿಲ್ಲ. ಎತ್ತುವಾಗ ಕೈ, ಕಮಲ ಹಿಡಿಯದೆ ಪೀಠ ಹಿಡಿಯಿರಿ. ನಿತ್ಯಪೂಜೆಗೆ ಬೇರೆ ಮೂರ್ತಿ ಇಟ್ಟುಕೊಳ್ಳುವುದೇ ವಾಸಿ.

ಮಗ ವಿದೇಶದಲ್ಲಿದ್ದಾನೆ. ಅಜ್ಜನ ಬೊಹೆಮಿಯಾ ಹೂದಾನಿಯನ್ನು ಅವನ ಜೊತೆ ಕಳಿಸಬಹುದೇ? ಯುರೋಪಿನದೇ ಅಲ್ಲವೇ?
— ಖಾನಾಪುರ

ಎಲ್ಲಿ ತಯಾರಾಯಿತು ಎಂಬುದರಿಂದ ವಿನಾಯಿತಿ ಸಿಗುತ್ತದೆ ಎಂದುಕೊಳ್ಳಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾವಸ್ತು, ಕುಶಲಕೃತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೂರಕ್ಕೆ ಕಡಿಮೆ ಎಂದು ನಿಮಗೆ ಅನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪ್ರಾಚ್ಯವಸ್ತು ಅಲ್ಲ’ ಎಂಬ ಪ್ರಮಾಣಪತ್ರ ಮೊದಲೇ ಪಡೆಯಿರಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ಅಜ್ಜನ ಕಥೆ ನಡೆಯುವುದಿಲ್ಲ. ಅರ್ಜಿಗೆ ನಾಲ್ಕೂ ಬದಿಯ, ತಳದ ಫೋಟೊ, ಎತ್ತರ–ಅಗಲದ ಅಳತೆ ಸಿದ್ಧವಿರಲಿ.

ಪತ್ರ ಸಿಕ್ಕು ಕಳಿಸುವುದಾದರೆ ಒಳಗೆ ಹಗುರಾಗಿ ಮೆತ್ತನೆ ಕಾಗದ ತುಂಬಿ, ಬಿಗಿದು ತುರುಕಬೇಡಿ. ಮೊದಲ ಸುತ್ತು ಆಸಿಡ್ ಇಲ್ಲದ ಬಿಳಿ ಕಾಗದದ್ದಾಗಲಿ, ದಿನಪತ್ರಿಕೆಯ ಶಾಯಿ ಬಣ್ಣಕ್ಕೆ ಅಂಟುತ್ತದೆ. ಗುಳ್ಳೆ ಪ್ಲಾಸ್ಟಿಕ್ ಸುತ್ತುವಾಗ ಗುಳ್ಳೆಗಳು ಹೊರಕ್ಕಿರಲಿ. ಒಂದು ಪೆಟ್ಟಿಗೆಯನ್ನು ಇನ್ನೊಂದರೊಳಗೆ ಇಟ್ಟು ನಡುವೆ ಎಲ್ಲ ಬದಿಗೂ ಎರಡು ಇಂಚು ಮೆತ್ತೆ ಬಿಡಿ.